ನರಸಂಬಂಧಿ ಕಾಯಿಲೆ ಇರುವವರಿಗೆ ಹಿತ್ತಲಲ್ಲೊಂದು ಕೈತೋಟ: ಬಿಸಿಲುನಾಡಿನ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ತಂದೆಯವರಿಗೆ ಲಕ್ವಾ ಹೊಡೆದು ಎಡಗೈ, ಎಡಗಾಲಿನ ಸ್ವಾಧೀನ ತಪ್ಪಿದಾಗ ಅವರಿಗೆ 62 ವರ್ಷ. ಗಂಗಾವತಿ ತಾಲ್ಲೂಕಿನ ನಮ್ಮ ಊರಿನಲ್ಲಿ ನಾಲ್ಕು ದಶಕ ಭತ್ತ ಬೆಳೆದ ಕೈಗಳವು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ರಬ್ಬರ್ ಚೆಂಡು ಹಿಸುಕುವ ವ್ಯಾಯಾಮವನ್ನು ಅವರು ಹತ್ತೇ ದಿನಕ್ಕೆ ಬಿಟ್ಟರು. ಆದರೆ ಹಿತ್ತಲಿನ ಪುಂಡಿಪಲ್ಲೆಯ ಬುಟ್ಟಿಯನ್ನು ತೊಡೆಯ ಮೇಲಿಟ್ಟು "ಎಲೆ ಬಿಡಿಸಿಕೊಡು ಅಪ್ಪಾ" ಎಂದ ದಿನ, ಎಡಗೈಯಿಂದ ದಂಟನ್ನು ಅದುಮಿ ಹಿಡಿದು ಬಲಗೈಯಿಂದ ಒಂದೊಂದೇ ಎಲೆ ಕೀಳುತ್ತ ಅರ್ಧ ಗಂಟೆ ಕೂತರು. ಆ ದಿನದಿಂದ ಹಿತ್ತಲನ್ನು ಅವರ ದೇಹಕ್ಕೆ ಹೊಂದುವಂತೆ ಕಟ್ಟುವ ಕೆಲಸ ಆರಂಭಿಸಿದೆವು. ಮುಂದೆ ಬರೆದಿರುವುದು ನಮ್ಮ ಮನೆಯ ಅನುಭವ, ಫಿಸಿಯೋಥೆರಪಿಯವರು ಹೇಳಿಕೊಟ್ಟ ಎಚ್ಚರಿಕೆಗಳು ಮತ್ತು ಆಮೇಲೆ ಇನ್ನೂ ಕೆಲವು ಮನೆಗಳಲ್ಲಿ ಇಂಥ ತೋಟ ಮಾಡಿಕೊಡುವಾಗ ಕಲಿತ ಸಂಗತಿಗಳು. ಇದು ಔಷಧಕ್ಕೂ ವೈದ್ಯರ ಭೇಟಿಗೂ ಬದಲಿಯಲ್ಲ. ತೋಟದ ಕೆಲಸ ಶುರು ಮಾಡುವ ಮೊದಲು ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೆ ತಿಳಿಸಲೇಬೇಕು.

ಹಸಿರಿನಿಂದ ರೋಗಿಗೆ ಹಿತವಾಗುತ್ತದೆ ಎಂಬುದಕ್ಕೆ ಲೆಕ್ಕದ ಆಧಾರವೂ ಇದೆ. ಅಮೆರಿಕದ ರೋಜರ್ ಉಲ್ರಿಚ್ ಎಂಬ ಸಂಶೋಧಕರು 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರ ಪೈಕಿ ಕಿಟಕಿಯಿಂದ ಮರಗಳು ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಮಾತ್ರ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು, ಪ್ರಬಲ ನೋವುನಿವಾರಕಗಳನ್ನೂ ಕಡಿಮೆ ಬಳಸಿದರು. ಬ್ರಿಟನ್ನಿನ ಸ್ಯಾಲಿಸ್‌ಬರಿಯಲ್ಲಿ ಬೆನ್ನುಹುರಿಗೆ ಪೆಟ್ಟಾದವರ ಚಿಕಿತ್ಸಾ ಕೇಂದ್ರಕ್ಕೆ ಹೊಂದಿಕೊಂಡು 2012ರಲ್ಲಿ ಹೊರಾಷಿಯೋಸ್ ಗಾರ್ಡನ್ ಎಂಬ ತೋಟ ತೆರೆಯಿತು. ಮಲಗಿದ ಮಂಚವನ್ನೇ ತಳ್ಳಿಕೊಂಡು ಹೋಗಬಹುದಾದ ದಾರಿಗಳು ಅಲ್ಲಿವೆ. ಆ ತಣ್ಣನೆಯ ದೇಶದ ತೋಟಗಳು ಬಿಸಿಲನ್ನು ಹುಡುಕುತ್ತವೆ. ಕೊಪ್ಪಳ, ರಾಯಚೂರು, ಬಳ್ಳಾರಿಯಲ್ಲಿ ನಾವು ನೆರಳಿನಿಂದ ಶುರು ಮಾಡಬೇಕು. ಹಾಗಾಗಿ ಹೊರಗಿನ ನಕ್ಷೆಯನ್ನು ಇಲ್ಲಿಗೆ ತಂದು ಕೂರಿಸಿದರೆ ಕೆಲಸಕ್ಕೆ ಬರುವುದಿಲ್ಲ.

ಮೊದಲ ಹೆಜ್ಜೆ: ದೇಹದ ಅಳತೆ, ಕಾಯಿಲೆಯ ಸ್ವಭಾವ

ಗೌಂಡಿಯನ್ನು ಕರೆಸುವ ಮೊದಲು ಟೇಪು ಹಿಡಿದು ತೋಟ ಬಳಸುವವರ ಪಕ್ಕ ಕೂರಬೇಕು. ಅವರು ದಿನವೂ ಬಳಸುವ ಗಾಲಿಕುರ್ಚಿಯಲ್ಲೋ ಸಾದಾ ಕುರ್ಚಿಯಲ್ಲೋ ಕೂತು, ದಿನವೂ ಹಾಕಿಕೊಳ್ಳುವ ಚಪ್ಪಲಿಯನ್ನೇ ಹಾಕಿಕೊಂಡು, ಪಾದವನ್ನು ಪಾದಪಟ್ಟಿಯ ಮೇಲಿಟ್ಟಿರುವಾಗ ಅಳತೆ ತೆಗೆಯಬೇಕು. ನೆಲದಿಂದ ಮೊಣಕಾಲಿನ ಮೇಲ್ಭಾಗದ ಎತ್ತರ, ನೆಲದಿಂದ ಮೊಣಕೈ ಎತ್ತರ, ಬೆನ್ನು ಬಾಗಿಸದೆ ಕೈ ಚಾಚಿದರೆ ಬೆರಳು ತಲುಪುವ ದೂರ, ಕುರ್ಚಿಯ ಪೂರ್ತಿ ಅಗಲ, ಇಷ್ಟನ್ನು ಬರೆದಿಟ್ಟುಕೊಳ್ಳಿ. ನಾವು ಮೊದಲ ಸಲ ಖಾಲಿ ಕುರ್ಚಿಯನ್ನು ಅಳೆದಿದ್ದೆವು. ಆ ಅಳತೆಗೆ ಕಟ್ಟಿಸಿದ ಏರುಮಡಿಗೆ, ಅಂದರೆ ನೆಲದಿಂದ ಎತ್ತರಿಸಿದ ಗಿಡದ ಮಡಿಗೆ, ಅಪ್ಪನ ಮೊಣಕಾಲು ಬಡಿಯಿತು, ಅದನ್ನು ಒಡೆದು ಮತ್ತೆ ಕಟ್ಟಬೇಕಾಯಿತು.

ಅಳತೆಯಷ್ಟೇ ಮುಖ್ಯವಾದದ್ದು ಕಾಯಿಲೆ ಯಾವುದು ಎಂಬುದು, ಏಕೆಂದರೆ ಒಬ್ಬರಿಗೆ ಅನುಕೂಲವಾದದ್ದು ಇನ್ನೊಬ್ಬರಿಗೆ ಅಪಾಯವಾಗುವುದುಂಟು. ಲಕ್ವಾ ಆದವರಲ್ಲಿ ದೇಹದ ಒಂದು ಪಕ್ಕ ಬಲಹೀನವಾಗುವುದರ ಜೊತೆಗೆ ಆ ಪಕ್ಕದ ಸ್ಪರ್ಶಜ್ಞಾನವೂ ಹೋಗಿರಬಹುದು. ಕೆಲವರಿಗೆ ಎಡಗಡೆ ಎಂಬ ದಿಕ್ಕೇ ಗಮನಕ್ಕೆ ಬರುವುದಿಲ್ಲ. ಕಣ್ಣು ಚೆನ್ನಾಗಿದ್ದರೂ ಎಡಗಡೆಯ ಗಿಡಕ್ಕೆ ನೀರು ಹಾಕದೆ ಬರುತ್ತಾರೆ. ಬಲಹೀನ ಕೈಯ ಭುಜ ಸುಲಭವಾಗಿ ಜಾರುತ್ತದೆ, ಆದ್ದರಿಂದ ಆ ಕೈಯನ್ನು ಹಿಡಿದೆಳೆದು ಎಬ್ಬಿಸಬಾರದು.

ಕಂಪವಾತ, ಅಂದರೆ ಪಾರ್ಕಿನ್ಸನ್ ಕಾಯಿಲೆಯವರಿಗೆ ಕಿರಿದಾದ ಬಾಗಿಲು, ಇಕ್ಕಟ್ಟಾದ ತಿರುವು ಬಂದ ಕೂಡಲೇ ಕಾಲು ನೆಲಕ್ಕೆ ಅಂಟಿದಂತಾಗಿ ನಿಂತುಬಿಡುವುದುಂಟು. ಕೂತಲ್ಲಿಂದ ಎದ್ದ ತಕ್ಷಣ ರಕ್ತದೊತ್ತಡ ಇಳಿದು ತಲೆ ಸುತ್ತುವುದೂ ಇದೆ. ಅನೇಕರಿಗೆ ಮೂಗಿನ ವಾಸನಾಶಕ್ತಿ ಬಹಳ ಮೊದಲೇ ಕುಗ್ಗಿರುತ್ತದೆ, ಹಾಗಾಗಿ ಇಂಥವರಿಗೆ ಸುಗಂಧದ ಗಿಡಗಳಿಗಿಂತ ಬಣ್ಣ ಮತ್ತು ಮುಟ್ಟಿದರೆ ತಿಳಿಯುವ ಎಲೆಗಳೇ ಮೇಲು. ಮಲ್ಟಿಪಲ್ ಸ್ಕ್ಲೀರೋಸಿಸ್, ಅಂದರೆ ಮಿದುಳು, ಬೆನ್ನುಹುರಿಯ ನರಗಳ ಹೊದಿಕೆ ಹಾಳಾಗುವ ಕಾಯಿಲೆ ಇರುವವರ ವಿಷಯದಲ್ಲಿ ನಮ್ಮ ಕಡೆ ವಿಶೇಷ ಎಚ್ಚರ ಬೇಕು, ಏಕೆಂದರೆ ದೇಹದ ಶಾಖ ಸ್ವಲ್ಪ ಏರಿದರೂ ಅವರ ದೃಷ್ಟಿ ಮಸುಕಾಗುತ್ತದೆ, ಕಾಲಿನ ಬಲ ಇಳಿಯುತ್ತದೆ. ದೇಹ ತಣ್ಣಗಾದ ಮೇಲೆ ಸರಿಹೋಗುತ್ತದೆ. ಬೆನ್ನುಹುರಿಗೆ ಎದೆಯ ಮಟ್ಟದಲ್ಲಿ ಅಥವಾ ಅದಕ್ಕೂ ಮೇಲೆ ಪೆಟ್ಟಾದವರಿಗೆ ಪೆಟ್ಟಿನ ಕೆಳಗಿನ ಭಾಗದಲ್ಲಿ ಬೆವರು ಸರಿಯಾಗಿ ಬರುವುದಿಲ್ಲ, ಆದ್ದರಿಂದ ಬಿಸಿಲಿನಲ್ಲಿ ಮೈ ಬೇಗ ಕಾಯುತ್ತದೆ. ಮೂರ್ಛೆರೋಗಕ್ಕೆ ಕೊಡುವ ಟೊಪಿರಾಮೇಟ್, ಕಂಪವಾತಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್‌ನಂಥ ಕೆಲವು ಮಾತ್ರೆಗಳೂ ಬೆವರನ್ನು ತಗ್ಗಿಸುತ್ತವೆ. ಮಾತ್ರೆಗಳ ಚೀಟಿಯನ್ನು ವೈದ್ಯರಿಗೆ ತೋರಿಸಿ "ಇವರು ಬಿಸಿಲಿಗೆ ಹೋಗಬಹುದೇ?" ಎಂದು ನೇರವಾಗಿ ಕೇಳಿ ತಿಳಿದುಕೊಳ್ಳಿ.

ಎರಡನೇ ಹೆಜ್ಜೆ: ನೆರಳು ಮತ್ತು ವೇಳೆ

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಮುಚ್ಚುತ್ತವೆ. 40 ಡಿಗ್ರಿ ದಾಟುವ ಆ ದಿನಗಳಲ್ಲಿ ತೋಟದ ವೇಳೆ ಬೆಳಿಗ್ಗೆ 6:30ರಿಂದ 8ರವರೆಗೆ ಮಾತ್ರ. ಸಂಜೆ ಗಾಳಿ ತಂಪಾದಂತೆ ಕಂಡರೂ ದಿನವಿಡೀ ಕಾದ ಕಲ್ಲು, ಗೋಡೆಗಳು ಶಾಖ ಬಿಡುತ್ತಲೇ ಇರುತ್ತವೆ.

ಜಾಗ ಆರಿಸುವಾಗ ಒಂದು ದಿನ ಪೂರ್ತಿ ಹಿತ್ತಲಿನಲ್ಲಿ ನೆರಳು ಎಲ್ಲಿಂದ ಎಲ್ಲಿಗೆ ಸರಿಯುತ್ತದೆ ಎಂದು ಸುಣ್ಣದಲ್ಲಿ ಗೆರೆ ಎಳೆದು ನೋಡಿ. ಇಲ್ಲೊಂದು ಸಂಗತಿಯನ್ನು ಅನೇಕರು ಮರೆಯುತ್ತಾರೆ. ನಮ್ಮ ಅಕ್ಷಾಂಶದಲ್ಲಿ ಮೇ ಮೊದಲ ವಾರದ ಸುಮಾರಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದು, ಆಮೇಲೆ ಆಗಸ್ಟ್‌ವರೆಗೆ ಮಧ್ಯಾಹ್ನದ ಹೊತ್ತು ಸ್ವಲ್ಪ ಉತ್ತರಕ್ಕೆ ವಾಲಿರುತ್ತಾನೆ. ಡಿಸೆಂಬರಿನಲ್ಲಿ ನೋಡಿ "ಉತ್ತರದ ಗೋಡೆಯ ಪಕ್ಕ ಸದಾ ನೆರಳು" ಎಂದು ಮಡಿ ಕಟ್ಟಿದರೆ ಬೇಸಿಗೆಯಲ್ಲಿ ಅದೇ ಜಾಗ ಬಿಸಿಲಿಗೆ ಬೀಳುತ್ತದೆ. ಮನೆಯ ಪೂರ್ವದ ಪಕ್ಕ ಅತ್ಯುತ್ತಮ: ಬೆಳಗಿನ ಎಳೆಬಿಸಿಲು ಗಿಡಕ್ಕೆ ಸಿಗುತ್ತದೆ, ಮಧ್ಯಾಹ್ನದ ನಂತರ ಮನೆಯೇ ನೆರಳಾಗುತ್ತದೆ. ಪೂರ್ವದಲ್ಲಿ ಜಾಗವಿಲ್ಲದಿದ್ದರೆ ಪಶ್ಚಿಮಕ್ಕೆ ಬೇವನ್ನೋ ಹೊಂಗೆಯನ್ನೋ ನೆಟ್ಟು, ಅದು ಬೆಳೆಯುವವರೆಗೆ ಶೇಕಡಾ 50ರ ಹಸಿರು ನೆರಳು ಪರದೆ ಕಟ್ಟಬಹುದು. ಆಷಾಢದ ಗಾಳಿಗೆ ಪರದೆ ಕಿತ್ತುಹೋಗುತ್ತದೆ, ಆದ್ದರಿಂದ ಕಂಬಗಳನ್ನು ಎರಡು ಅಡಿ ಆಳಕ್ಕೆ ಹೂಳಿ ಕಾಂಕ್ರೀಟ್ ಹಾಕಿಸಿ. ತಗಡಿನ ಚಪ್ಪರವನ್ನು ಮಾತ್ರ ಬೇಡವೆನ್ನುತ್ತೇನೆ. ಅದರ ಕೆಳಗೆ ಕೂತವರಿಗೆ ಮೇಲಿನಿಂದ ಒಲೆ ಇಟ್ಟಂತಾಗುತ್ತದೆ.

ಮೂರನೇ ಹೆಜ್ಜೆ: ಬಾಗಿಲಿನಿಂದ ಮಡಿಯವರೆಗಿನ ದಾರಿ

ಎಷ್ಟೋ ಮನೆಗಳಲ್ಲಿ ತೋಟ ಚೆನ್ನಾಗಿರುತ್ತದೆ, ಆದರೆ ರೋಗಿ ಅಲ್ಲಿಗೆ ತಲುಪುವುದಿಲ್ಲ. ಮೊದಲ ಅಡ್ಡಿ ಹೊಸ್ತಿಲು. ಪೂಜೆ ಮಾಡುವ ಹೊಸ್ತಿಲನ್ನು ಕತ್ತರಿಸಲು ಮನಸ್ಸು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಬಡಿಗೇರರಿಗೆ ಹೇಳಿ ಹೊಸ್ತಿಲಿನ ಎರಡೂ ಬದಿಗೆ ಇಳಿಜಾರಾದ ಮರದ ಹಲಗೆ ಮಾಡಿಸಿ, ಅಲುಗಾಡದಂತೆ ಕೂರಿಸಿದರೆ ಸಾಕು.

ಹಿಂಬಾಗಿಲಿನ ಮೆಟ್ಟಿಲಿಗೆ ಬದಲಾಗಿ ಮಾಡುವ ಇಳಿಜಾರು ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದವಿರಬೇಕು. ರೋಗಿಯೇ ಗಾಲಿ ತಳ್ಳಿಕೊಂಡು ಹೋಗುವುದಾದರೆ 20 ಅಡಿ ಉದ್ದವಿದ್ದರೆ ಕೈ ಸೋಲುವುದಿಲ್ಲ. ಕಟ್ಟೆ ಒಂದೂವರೆ ಅಡಿ ಎತ್ತರವಿದ್ದರೆ ಕನಿಷ್ಠ 18 ಅಡಿ ಬೇಕು, ಅಷ್ಟು ನೇರ ಜಾಗವಿಲ್ಲದಿದ್ದರೆ ನಡುವೆ 5 ಅಡಿ ಉದ್ದಗಲದ ಸಮತಟ್ಟು ಜಾಗ ಬಿಟ್ಟು ತಿರುಗಿಸಿ. ಗಾಲಿಕುರ್ಚಿ ಪೂರ್ತಿ ತಿರುಗಲು ಬೇಕಾದದ್ದೂ ಅದೇ 5 ಅಡಿ. ದಾರಿಯ ಅಗಲ 4 ಅಡಿ ಇರಲಿ. ಪಕ್ಕದಲ್ಲಿ ಒಬ್ಬರು ತೋಳು ಹಿಡಿದು ನಡೆಯುವುದಾದರೆ 5 ಅಡಿ ಮಾಡಿಸಿ.

ನೆಲಕ್ಕೆ ನಮ್ಮಲ್ಲಿ ಎಲ್ಲರೂ ಮೊದಲು ಹೇಳುವುದು ಶಹಾಬಾದ್ ಪರಶಿ ಅಥವಾ ಕಡಪಾ ಕಲ್ಲು. ನಯಗೊಳಿಸಿದ ಪರಶಿ ಒದ್ದೆಯಾದರೆ ಜಾರುತ್ತದೆ, ಕಡಪಾದ ಕಪ್ಪು ಬಿಸಿಲು ಹೀರಿ ಕೆಂಡವಾಗುತ್ತದೆ. ಹಸಿ ಇರುವಾಗಲೇ ಪೊರಕೆಯಿಂದ ಅಡ್ಡಡ್ಡ ಗೀರು ಎಳೆದ ಕಾಂಕ್ರೀಟ್ ಅಗ್ಗವೂ ಹೌದು, ಹಿಡಿತವೂ ಚೆನ್ನಾಗಿರುತ್ತದೆ. ಗರಸು ಹಾಕಿದ ದಾರಿಯಲ್ಲಿ ಗಾಲಿಯ ಮುಂಚಕ್ರ ಹೂತುಕೊಳ್ಳುತ್ತದೆ, ಎರೆಮಣ್ಣಿನ ನೆಲವಂತೂ ಮಳೆಗಾಲದಲ್ಲಿ ಅಂಟಿ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಎರೆ ಇರುವ ಕಡೆ ಮೊದಲು ಒಂದು ಅಡಿ ಮಣ್ಣು ತೆಗೆದು ಗರಸು ತುಂಬಿ ದಮ್ಮಸ್ಸು ಮಾಡಿಸದೆ ಕಾಂಕ್ರೀಟ್ ಹಾಕಿದರೆ ಒಂದೇ ವರ್ಷದಲ್ಲಿ ಸೀಳುತ್ತದೆ.

ಕಂಪವಾತದವರು ಕಾಲು ಅಂಟಿ ನಿಲ್ಲುವ ಜಾಗ ಯಾವುದೆಂದು ಕೆಲವು ದಿನ ಗಮನಿಸಿ, ಅಲ್ಲಿ ಮಾತ್ರ ನೆಲದ ಮೇಲೆ ಅಡ್ಡ ಪಟ್ಟಿಗಳನ್ನು ಎದ್ದು ಕಾಣುವ ಬಣ್ಣದಲ್ಲಿ ಬಳಿಯಬೇಕು. ಪಟ್ಟಿಗಳ ನಡುವಿನ ಅಂತರ ಆ ವ್ಯಕ್ತಿಯ ಆರಾಮದ ಒಂದು ಹೆಜ್ಜೆಯಷ್ಟಿರಲಿ. ಪಟ್ಟಿಯನ್ನು ದಾಟಬೇಕೆಂಬ ಗುರಿ ಕಣ್ಣಿಗೆ ಸಿಕ್ಕ ಕೂಡಲೇ ಅಂಟಿದ ಕಾಲು ಎಷ್ಟೋ ಸಲ ಏಳುತ್ತದೆ. ಆದರೆ ಮರೆಗುಳಿತನದ ಕಾಯಿಲೆ ಇರುವವರಿಗೆ ಅದೇ ಕಪ್ಪು ಪಟ್ಟಿ ನೆಲದಲ್ಲಿನ ಗುಂಡಿಯಂತೆ ಕಂಡು ಹೆಜ್ಜೆ ಹಿಂದೆ ಸರಿಯುತ್ತದೆ. ಅವರಿಗೆ ಒಂದೇ ಬಣ್ಣದ ನೆಲ ಬೇಕು, ಕೊನೆಯಲ್ಲಿ ಗೋಡೆಗೆ ತಾಗಿ ನಿಲ್ಲದೆ ಸುತ್ತಿ ಮತ್ತೆ ಬಾಗಿಲಿಗೇ ಬರುವ ದಾರಿ ಬೇಕು.

ಹಿಡಿಕಂಬಿಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ದಾರಿಯ ಎರಡೂ ಬದಿಗೆ, ಸೊಂಟದ ಮಟ್ಟಕ್ಕೆ ಅಂದರೆ ಸುಮಾರು 34 ಇಂಚು ಎತ್ತರಕ್ಕೆ, ಒಂದೂವರೆ ಇಂಚು ದಪ್ಪದ ಕಂಬಿ ಹಾಕಿಸುವುದು ರೂಢಿ. ನಾವೂ ಸತು ಲೇಪಿಸಿದ ಕಬ್ಬಿಣದ (ಜಿಐ) ಪೈಪು ಹಾಕಿಸಿದ್ದೆವು. ಮಾರ್ಚ್ ತಿಂಗಳ ಒಂದು ದಿನ 11 ಗಂಟೆಯ ಹೊತ್ತಿಗೆ ಅಪ್ಪ ಒಳಗೆ ಬಂದಾಗ ಅವರ ಎಡ ಅಂಗೈಯಲ್ಲಿ ಅಡ್ಡಕ್ಕೆ ಬೊಬ್ಬೆ ಎದ್ದಿತ್ತು. "ಸುಡಾಕತ್ತಿದ್ದು ನನಗ ಗೊತ್ತಽ ಆಗಲಿಲ್ಲ ನೋಡವಾ" ಎಂದರು. ಆ ಕೈಗೆ ಬಿಸಿ ತಿಳಿಯುವುದಿಲ್ಲ ಎಂದು ನಮಗೆ ಗೊತ್ತಿತ್ತು, ಕಂಬಿ ಕಾಯುತ್ತದೆ ಎಂಬುದೂ ಗೊತ್ತಿತ್ತು. ಎರಡನ್ನೂ ಸೇರಿಸಿ ಯೋಚಿಸಿರಲಿಲ್ಲ. ಅಂದಿನಿಂದ ಕಂಬಿಗೆ ದಪ್ಪ ಹತ್ತಿ ಹಗ್ಗವನ್ನು ಸಂದಿಲ್ಲದಂತೆ ಬಿಗಿಯಾಗಿ ಸುತ್ತಿದ್ದೇವೆ, ವರ್ಷಕ್ಕೊಮ್ಮೆ ಬದಲಿಸುತ್ತೇವೆ. ಹೊಸದಾಗಿ ಮಾಡಿಸುವವರು ಉಜ್ಜಿ ನುಣುಪು ಮಾಡಿದ ಮರದ ಕಂಬಿಯನ್ನೇ ಹಾಕಿಸಿ. ಕುರ್ಚಿಯ ತೋಳು, ನಲ್ಲಿಯ ಹಿಡಿ, ಗೇಟಿನ ಚಿಲಕ, ಕಬ್ಬಿಣದ ಯಾವ ವಸ್ತುವಾದರೂ ಇದೇ ಎಚ್ಚರ.

ಪ್ರತಿ 25–30 ಅಡಿಗೆ ಒಂದು ಕೂರುವ ಜಾಗವಿರಲಿ. ಆಸನ 18 ಇಂಚು ಎತ್ತರವಿದ್ದು, ಬೆನ್ನಿಗೆ ಒರಗು, ಎರಡೂ ಬದಿಗೆ ತೋಳು ಇರಬೇಕು. ತೋಳಿಲ್ಲದ ಕಟ್ಟೆಯಿಂದ ಏಳುವುದು ಲಕ್ವಾ ಆದವರಿಗೂ ಕಂಪವಾತದವರಿಗೂ ಬಹಳ ಕಷ್ಟ.

ನಾಲ್ಕನೇ ಹೆಜ್ಜೆ: ಏರುಮಡಿ

ಇಡೀ ತೋಟದ ಜೀವಾಳ ಇದು, ಹೆಚ್ಚು ತಪ್ಪುಗಳಾಗುವುದೂ ಇಲ್ಲೇ. ಗಾಲಿಕುರ್ಚಿಯವರಿಗೆ ಮಡಿ ಮೇಜಿನಂತಿರಬೇಕು, ಮೊಣಕಾಲು ಅದರ ಕೆಳಗೆ ಹೋಗಬೇಕು. ಮೊಣಕಾಲಿನ ಎತ್ತರಕ್ಕೆ 2 ಇಂಚು ಬಿಡುವು, ಅದರ ಮೇಲೆ ಒಂದು ಇಂಚಿನ ಕಲ್ಲುಹಾಸು, ಅದರ ಮೇಲೆ ಮಣ್ಣು. ಮಣ್ಣನ್ನು ಒಂದು ಅಡಿ ಹಾಕಿದರೆ ಮಡಿ ಗದ್ದದ ಹತ್ತಿರ ಬರುತ್ತದೆ, ಕೈ ಎತ್ತಿ ಕೆಲಸ ಮಾಡಿ ಭುಜ ನೋಯುತ್ತದೆ. ಅದಕ್ಕೆ ಪರಿಹಾರವೆಂದರೆ ಕೆಳಗಿನ ಕಲ್ಲನ್ನು ಇಳಿಜಾರಾಗಿ ಕೂರಿಸುವುದು: ಮೊಣಕಾಲು ಬರುವ ಮುಂಭಾಗದಲ್ಲಿ 4 ಇಂಚು ಮಣ್ಣು, ಹಿಂಭಾಗದಲ್ಲಿ 10–12 ಇಂಚು. ಮುಂದೆ ಮೆಂತ್ಯೆ, ಕೊತ್ತಂಬರಿ, ರಾಜಗಿರಿಯಂಥ ಸೊಪ್ಪು, ಹಿಂದೆ ಬದನೆ, ಮೆಣಸಿನಗಿಡ. ನಮ್ಮ ತಂದೆಯವರ ಮೊಣಕಾಲು ನೆಲದಿಂದ 24 ಇಂಚು. ಅದಕ್ಕೆ 2, 1, 4 ಸೇರಿಸಿ ಮಡಿಯ ಮುಂಅಂಚು 31 ಇಂಚಿಗೆ ನಿಂತಿತು. ಗೌಂಡಿಗೆ ಈ ಲೆಕ್ಕವನ್ನು ಬಾಯಲ್ಲಿ ಹೇಳಿದರೆ ಸಾಲದು, ಒಂದು ಕಟ್ಟಿಗೆಯ ಮೇಲೆ ಗೆರೆ ಹಾಕಿ ಕೊಡಿ.

ಅಗಲದ ವಿಷಯದಲ್ಲಿ ಆಸೆಪಡಬಾರದು. ಒಂದೇ ಬದಿಯಿಂದ ಕೆಲಸ ಮಾಡುವ ಮಡಿ 2 ಅಡಿಗಿಂತ, ಎರಡೂ ಬದಿಯಿಂದ ಹೋಗಬಹುದಾದದ್ದು 4 ಅಡಿಗಿಂತ ಅಗಲವಿರಬಾರದು. ಮುಂಅಂಚನ್ನು ದುಂಡಾಗಿಸಿ, 4 ಇಂಚು ಅಗಲ ಮಾಡಿಸಿದರೆ ಮೊಣಕೈ ಊರಲು ಆಧಾರವಾಗುತ್ತದೆ. ಕೈ ನಡುಗುವವರಿಗೆ ಮೊಣಕೈ ಊರಿದ ಮೇಲೆ ಬೀಜ ಹಾಕುವುದು ಎಷ್ಟೋ ಸುಲಭ. ನಿಂತು ಕೆಲಸ ಮಾಡುವವರಿಗೆ 34ರಿಂದ 36 ಇಂಚಿನ ಮಡಿ, ಅದರ ಮುಂದೆ ಹಿಡಿದು ನಿಲ್ಲಲು ಒಂದು ಅಡ್ಡ ಕಂಬಿ ಬೇಕು.

ಒಂದು ಘನ ಅಡಿ ಒದ್ದೆ ಮಣ್ಣು ಸುಮಾರು 45–50 ಕಿಲೊ ತೂಗುತ್ತದೆ. 6 ಅಡಿ ಉದ್ದ, 2 ಅಡಿ ಅಗಲದ ಇಂಥ ಮಡಿಯಲ್ಲಿ ಮುನ್ನೂರು ಕಿಲೊ ಮೀರುವ ಭಾರ ಕೂರುತ್ತದೆ. ಆದ್ದರಿಂದ ಕಲ್ಲುಹಾಸಿಗೆ ಕಾಲುಗಳು ಪ್ರತಿ 3 ಅಡಿಗೆ ಬೇಕು. ಎರಡು ಕಾಲುಗಳ ನಡುವೆ ಕುರ್ಚಿ ನುಗ್ಗಲು ಕನಿಷ್ಠ 30 ಇಂಚು ಜಾಗ ಉಳಿಯಬೇಕು. ಮಾಳಿಗೆಯ ಮೇಲೆ ಕಟ್ಟುವುದಾದರೆ ಎಂಜಿನಿಯರರನ್ನು ಕೇಳದೆ ಕಟ್ಟಬೇಡಿ. ಅಷ್ಟು ಖರ್ಚು ಮಾಡಲಾಗದವರು ಹಳೆಯ ಗಟ್ಟಿ ಮೇಜಿನ ಮೇಲೆ ತೂತು ಮಾಡಿದ ಪ್ಲಾಸ್ಟಿಕ್ ಕ್ರೇಟುಗಳನ್ನಿಟ್ಟು ಗೋಣಿತಟ್ಟು ಹಾಸಿ ಮಣ್ಣು ತುಂಬಬಹುದು. ಮೊದಲ ಆರು ತಿಂಗಳು ಎಲ್ಲರೂ ಹೀಗೆ ಮಾಡಿ ನೋಡುವುದೇ ಒಳ್ಳೆಯದು, ಏಕೆಂದರೆ ಕ್ರೇಟಿನ ಎತ್ತರ ಬದಲಿಸಬಹುದು, ಕಟ್ಟಿದ ಮಡಿಯದನ್ನು ಬದಲಿಸಲಾಗದು.

ಐದನೇ ಹೆಜ್ಜೆ: ಮಣ್ಣು ಮತ್ತು ನೀರು

ಎರೆಮಣ್ಣನ್ನು ಮಡಿಗೆ ಹಾಕಬೇಡಿ; ಒಣಗಿದರೆ ಕಲ್ಲಾಗಿ ಬಲಹೀನ ಕೈಗೆ ಸಿಗುವುದಿಲ್ಲ. ಎರಡು ಪಾಲು ಮಸಾರಿ ಮಣ್ಣು, ಒಂದು ಪಾಲು ಎರೆಹುಳು ಗೊಬ್ಬರ, ಒಂದು ಪಾಲು ಚೆನ್ನಾಗಿ ತೊಳೆದು ಉಪ್ಪು ತೆಗೆದ ತೆಂಗಿನ ನಾರಿನ ಪುಡಿ, ಅರ್ಧ ಪಾಲು ಭತ್ತದ ಹೊಟ್ಟು ಸೇರಿಸಿದರೆ ಹಗುರವಾದ, ಬೆರಳಿಗೆ ಸಡಿಲವಾಗಿ ಸಿಗುವ ಮಣ್ಣಾಗುತ್ತದೆ. ಗಂಗಾವತಿ, ಕಾರಟಗಿ, ಸಿಂಧನೂರು, ರಾಯಚೂರಿನ ಅಕ್ಕಿ ಗಿರಣಿಗಳ ಬಳಿ ಹೊಟ್ಟಿಗೆ ಕೊರತೆಯಿಲ್ಲ. ಹೊಟ್ಟಿನ ಬೂದಿಯನ್ನು ಹೆಚ್ಚು ಹಾಕಿದರೆ ಮಣ್ಣು ಕ್ಷಾರವಾಗುತ್ತದೆ. ಹೊಟ್ಟಾಗಲಿ ಬೂದಿಯಾಗಲಿ ನೀರು ಚಿಮುಕಿಸಿ ಒದ್ದೆ ಮಾಡಿಯೇ ಕಲಸಬೇಕು, ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಕಲಸುವ ಕೆಲಸವನ್ನು ಮನೆಯ ಆರೋಗ್ಯವಂತರೇ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಾಡಲಿ. ಎಲ್ಲರೂ ಧನುರ್ವಾಯು ತಡೆಯುವ ಚುಚ್ಚುಮದ್ದು ಹಾಕಿಸಿಕೊಂಡಿರಬೇಕು.

ಬೋರ್‌ವೆಲ್ ನೀರು ಅನೇಕ ಕಡೆ ಸವಳು. ಕುಂಡದ ಅಂಚಿನಲ್ಲಿ ಬಿಳಿ ಪದರ ಕಟ್ಟಿ ಎಲೆಯ ತುದಿ ಸುಟ್ಟಂತಾದರೆ ಉಪ್ಪು ಸೇರಿದೆ ಎಂದರ್ಥ. ಮಳೆನೀರನ್ನೋ ಕಾಲುವೆ ನೀರನ್ನೋ ಕೂಡಿಟ್ಟು ತಿಂಗಳಿಗೊಮ್ಮೆ ಧಾರಾಳವಾಗಿ ಹರಿಸಿ ತೊಳೆಯಬೇಕು. ಚರಂಡಿ ನೀರನ್ನು ಸೊಪ್ಪಿಗೆ ಬಿಡಲೇಬಾರದು. ಅದರಲ್ಲಿರಬಹುದಾದ ಲಾಡಿಹುಳುವಿನ ಮೊಟ್ಟೆ ಹೊಟ್ಟೆಗೆ ಹೋದರೆ ಮಿದುಳಿನಲ್ಲಿ ಗಂಟುಗಳಾಗಿ ಮೂರ್ಛೆ ಬರುತ್ತದೆ. ನಮ್ಮ ದೇಶದಲ್ಲಿ ಮೂರ್ಛೆರೋಗಕ್ಕೆ ಇದೊಂದು ದೊಡ್ಡ ಕಾರಣ. ನರರೋಗಿಯ ತೋಟದಿಂದಲೇ ಇನ್ನೊಂದು ನರರೋಗ ಬರುವಂತಾಗಬಾರದು.

ಹನಿ ನೀರಾವರಿ ಹಾಕಿಸಿದರೆ ನೀರು ಉಳಿಯುತ್ತದೆ, ಆದರೆ ನೀರು ಹಾಕುವ ಕೆಲಸವೂ ಕೈತಪ್ಪುತ್ತದೆ. ನನಗೆ ಇಷ್ಟವಾದ ಉಪಾಯ ಮಡಕೆಯದು. ಮೆರುಗು ಹಾಕದ ಮಣ್ಣಿನ ಕುಡಿಕೆಗಳನ್ನು ಮಡಿಯ ಆಳದ ಭಾಗದಲ್ಲಿ ಕುತ್ತಿಗೆಯವರೆಗೆ ಹೂತು, ನೀರು ತುಂಬಿ ಮುಚ್ಚಳವಿಟ್ಟರೆ ನೀರು ಮೆಲ್ಲಗೆ ಜಿನುಗಿ ಬೇರಿಗೆ ತಲುಪುತ್ತದೆ. ತುಂಬುವುದೇ ರೋಗಿಯ ದಿನದ ಕೆಲಸ: ಮುಚ್ಚಳ ತೆಗೆ, ಅರ್ಧ ಲೀಟರ್ ಲೋಟದಿಂದ ಸುರಿ, ಮುಚ್ಚಳ ಹಾಕು. ಎಡಗಡೆ ಗಮನಕ್ಕೆ ಬಾರದವರಿಗೆ ಒಂದು ಕುಡಿಕೆಯನ್ನು ಬೇಕೆಂದೇ ಎಡತುದಿಯಲ್ಲಿ ಹೂಳಿ, ಅದಕ್ಕೆ ಕೆಂಪು ಮುಚ್ಚಳವಿಡಿ. ಮುಚ್ಚಳವಿಲ್ಲದೆ ಬಿಟ್ಟರೆ ಸೊಳ್ಳೆ ಮೊಟ್ಟೆಯಿಡುತ್ತದೆ.

ಆರನೇ ಹೆಜ್ಜೆ: ಗಿಡಗಳ ಆಯ್ಕೆ

ಬೇಗ ಫಲ ಕಾಣುವ ಗಿಡದಿಂದ ಆರಂಭಿಸಿ. ರಾತ್ರಿ ನೆನೆಸಿದ ಮೆಂತ್ಯೆ ಮೂರು–ನಾಲ್ಕು ದಿನಕ್ಕೆ ಮೊಳಕೆ ಎತ್ತುತ್ತದೆ, ರಾಜಗಿರಿ ತಿಂಗಳೊಳಗೆ ಕೊಯ್ಲಿಗೆ ಬರುತ್ತದೆ. ಪುಂಡಿಯ ಕುಡಿ ಚಿವುಟಿದಂತೆಲ್ಲ ಮತ್ತೆ ಚಿಗುರುತ್ತದೆ, ಹಾಗಾಗಿ ಚಿವುಟುವ ಕೆಲಸ ಮುಗಿಯುವುದೇ ಇಲ್ಲ. ಕೊತ್ತಂಬರಿಯನ್ನು ಚಳಿಗಾಲಕ್ಕೆ ಇಟ್ಟುಕೊಳ್ಳಿ, ಬೇಸಿಗೆಯಲ್ಲಿ ಅದು ಬೇಗ ಹೂವಿಗೆ ತಿರುಗುತ್ತದೆ. ಬೆರಳ ಹಿಡಿತ ಕಡಿಮೆ ಇರುವವರಿಗೆ ಅವರೆ, ಅಲಸಂದೆಯಂಥ ದಪ್ಪ ಬೀಜ ಕೊಡಿ. ಚವಳಿಕಾಯಿ ಎದೆಯ ಮಟ್ಟದಲ್ಲಿ ಸಿಗುವಂತೆ ಬೆಳೆಸಿದರೆ ಹರಿಯಲು ಚೆನ್ನ. ಹೀರೆಯ ಬಳ್ಳಿಯನ್ನು ತಲೆಯ ಮೇಲಿನ ಚಪ್ಪರಕ್ಕೆ ಹಬ್ಬಿಸಿದರೆ ಬಲಹೀನ ಭುಜದವರು ಮೇಲಕ್ಕೆ ಚಾಚಿ ನೋವು ಮಾಡಿಕೊಳ್ಳುತ್ತಾರೆ.

ಮೂಗಿಗೆ ದವನ, ಮರುಗ, ಕಾಮಕಸ್ತೂರಿ, ಮಜ್ಜಿಗೆಹುಲ್ಲು. ಬೆರಳಿಗೆ ದೊಡ್ಡಪತ್ರೆಯ ದಪ್ಪ ರೋಮದ ಎಲೆ. ಕಣ್ಣಿಗೆ ಚೆಂಡುಹೂವು. ಲಕ್ವಾದಿಂದ ಮಾತು ಹೋದವರೊಬ್ಬರ ಮನೆಯಲ್ಲಿ ದವನದ ಕುಡಿಯನ್ನು ಮೂಸಿಸಿ, ಹೆಸರಿನ ಮೊದಲ ಅಕ್ಷರ ಹೇಳಿ ಕಾಯುತ್ತಿದ್ದರು, ಎಷ್ಟೋ ವಾರಗಳ ಮೇಲೆ ಅವರು "...ವನ" ಎಂದು ಮುಗಿಸಿದ ಬೆಳಿಗ್ಗೆ ನಾನೂ ಅಲ್ಲಿದ್ದೆ. ಅವರ ಸೊಸೆ ಆ ಕುಡಿಯನ್ನು ದೇವರ ಮುಂದಿಟ್ಟರು.

ದೂರವಿಡಬೇಕಾದ ಗಿಡಗಳಲ್ಲಿ ಕೆಲವು ಪೂಜೆಗೆ ಬೇಕಾದವುಗಳೇ ಆಗಿರುವುದರಿಂದ ಹೇಳುವುದು ಕಷ್ಟ, ಆದರೂ ಹೇಳಬೇಕು. ಕಣಗಿಲೆ, ಹಳದಿ ಕಣಗಿಲೆ ಎರಡೂ ಹೃದಯಕ್ಕೆ ವಿಷ. ಉಮ್ಮತ್ತಿ, ಔಡಲದ ಬೀಜ, ಗುಲಗಂಜಿ ವಿಷ. ಎಕ್ಕದ ಹಾಲು, ಕಳ್ಳಿಯ ಹಾಲು ಕಣ್ಣಿಗೆ ಬಿದ್ದರೆ ಕಣ್ಣು ಹಾಳಾಗುತ್ತದೆ. ಮರೆಗುಳಿತನದವರು ಕೈಗೆ ಸಿಕ್ಕಿದ್ದನ್ನು ಬಾಯಿಗಿಡಬಹುದಾದ್ದರಿಂದ ಇವು ಆ ಹಿತ್ತಲಲ್ಲಿ ಇರಲೇಬಾರದು. ಸ್ಪರ್ಶ ತಿಳಿಯದ ಕೈಯಿರುವ ಕಡೆ ಗುಲಾಬಿ, ಲಿಂಬೆ, ಕಾಗದದ ಹೂವಿನ ಮುಳ್ಳೂ ಬೇಡ.

ಎರಡು ಮಾತುಗಳನ್ನು ಒತ್ತಿ ಹೇಳುತ್ತೇನೆ. ನಸಗುನ್ನಿ ಬೀಜದಲ್ಲಿ ಕಂಪವಾತಕ್ಕೆ ಕೊಡುವ ಲೆವೊಡೋಪಾ ಎಂಬ ಔಷಧವೇ ಇದೆ ಎಂಬುದು ನಿಜ. ಹಾಗೆಂದು ಅದನ್ನು ಬೆಳೆದು ಪುಡಿ ಮಾಡಿ ಕೊಡಬಾರದು: ಪ್ರಮಾಣ ತಿಳಿಯುವುದಿಲ್ಲ, ಮಾತ್ರೆಯ ಜೊತೆ ಸೇರಿ ಅತಿಯಾಗುತ್ತದೆ, ಕಾಯಿಯ ರೋಮ ತಾಗಿದರೆ ಭಯಂಕರ ತುರಿಕೆ. ಇನ್ನೊಂದು, ಲಕ್ವಾದ ನಂತರ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರ ಮನೆಯಲ್ಲಿ ತೋಟ ಚಿಗುರಿದ ಸಂತೋಷಕ್ಕೆ ದಿನವೂ ರಾಶಿ ಸೊಪ್ಪು ತಿನ್ನಿಸಬಾರದು. ಸೊಪ್ಪಿನಲ್ಲಿರುವ ಕೆ ಜೀವಸತ್ವ ಆ ಮಾತ್ರೆಯ ಪರಿಣಾಮವನ್ನು ತಗ್ಗಿಸುತ್ತದೆ. ಸೊಪ್ಪು ಬಿಡಬೇಕಾಗಿಲ್ಲ, ಪ್ರತಿ ವಾರ ಒಂದೇ ಪ್ರಮಾಣ ಇರಲಿ, ವೈದ್ಯರಿಗೂ ಗೊತ್ತಿರಲಿ. ನುಂಗಲು ತೊಂದರೆ ಇರುವವರಿಗೆ ತೋಟದಲ್ಲೇ ಹಸಿ ಎಲೆ, ಕಾಯಿ ತಿನ್ನಲು ಕೊಡಬೇಡಿ.

ಏಳನೇ ಹೆಜ್ಜೆ: ಕೆಲಸವನ್ನು ಚಿಕಿತ್ಸೆಯಾಗಿಸುವುದು

ಸಲಕರಣೆಗಳು ಸರಳ. ಹಗುರ ಕುರ್ಪಿಯ ಹಿಡಿಗೆ ಹಳೆಯ ಸೈಕಲ್ ಟ್ಯೂಬು ಸುತ್ತಿ ಒಂದೂವರೆ ಇಂಚು ದಪ್ಪ ಮಾಡಿ. ಹಿಡಿ ಇಷ್ಟು ದಪ್ಪವಿದ್ದರೆ ಮುಷ್ಟಿಗೆ ಶ್ರಮ ಕಡಿಮೆ. ನೀರಿನ ಪಾತ್ರೆ ಒಂದು ಲೀಟರ್ ಮೀರಬಾರದು. ಕುಂಡ ಜಾರದಂತೆ ಒದ್ದೆ ಬಟ್ಟೆ ಹಾಸಿ, ಬಲಹೀನ ಕೈಯ ಮುಂದೋಳನ್ನು ಕುಂಡಕ್ಕೆ ಆನಿಸಿ ಇನ್ನೊಂದು ಕೈಯಿಂದ ಮಣ್ಣು ತುಂಬಿಸಿ. ಹೀಗೆ ಬಲಹೀನ ಕೈಯನ್ನು ಪ್ರತಿ ಕೆಲಸದಲ್ಲೂ ಸಹಾಯಕ್ಕಾದರೂ ಸೇರಿಸಬೇಕು.

ಮೊದಲ ವಾರ 10 ನಿಮಿಷ, ಆಮೇಲೆ ಮೆಲ್ಲಗೆ 20–30 ನಿಮಿಷ. ಸುಸ್ತಾಗುವ ಮೊದಲೇ ನಿಲ್ಲಿಸಿ. ಕಂಪವಾತದವರಿಗೆ ಮಾತ್ರೆ ಚೆನ್ನಾಗಿ ಕೆಲಸ ಮಾಡುವ ಹೊತ್ತನ್ನು ಗಮನಿಸಿ ತೋಟದ ವೇಳೆಯನ್ನು ಅದಕ್ಕೆ ಹೊಂದಿಸಿ, ಅವರು ನಡೆಯುತ್ತಿರುವಾಗ ಮಾತಿಗೆಳೆಯಬೇಡಿ, ನಿಂತ ಮೇಲೆ ಮಾತಾಡಿ. ಗಾಲಿಕುರ್ಚಿಯವರು ಪ್ರತಿ 15–30 ನಿಮಿಷಕ್ಕೊಮ್ಮೆ ಮೈ ಎತ್ತಿಯೋ ವಾಲಿಯೋ ಕೂತ ಜಾಗದ ಒತ್ತಡ ಇಳಿಸಬೇಕು, ಇಲ್ಲದಿದ್ದರೆ ಹಾಸಿಗೆ ಹುಣ್ಣಾಗುತ್ತದೆ. ಮಂಚದಿಂದ ಏಳಲಾಗದವರಿಗೆ ಕಿಟಕಿಯ ಬಳಿ ಎರಡು ಕುಂಡ, ತೊಡೆಯ ಮೇಲೊಂದು ತಟ್ಟೆ, ಬಿಡಿಸಲು ಒಂದು ಹಿಡಿ ಸೊಪ್ಪು ಇದ್ದರೆ ಅದೂ ತೋಟವೇ.

ಮಾಡಬೇಕಾದ ಕೆಲಸವನ್ನು ನಾವೇ ಮಾಡಿಬಿಡುವುದು ಮನೆಯವರ ದೊಡ್ಡ ತಪ್ಪು. ಬೀಜ ಓರೆಯಾಗಿ ಬೀಳಲಿ, ನೀರು ಚೆಲ್ಲಲಿ, ಕೈ ಕಟ್ಟಿ ನಿಲ್ಲಿ.

ಎಂಟನೇ ಹೆಜ್ಜೆ: ಅಪಾಯ ಬಂದಾಗ

ಬರಿಗಾಲಲ್ಲಿ ಯಾರನ್ನೂ ಬಿಡಬೇಡಿ, ಸಕ್ಕರೆ ಕಾಯಿಲೆಯಿಂದ ಪಾದದ ನರ ಸತ್ತವರನ್ನಂತೂ ಬಿಡಲೇಬೇಡಿ. ಶೇಂಗಾ ಹೊಟ್ಟಿನ ಹೊದಿಕೆ ಮಣ್ಣನ್ನು ತಂಪಾಗಿಡುತ್ತದೆ, ಆದರೆ ಅದರ ಕೆಳಗೆ ಚೇಳು ಸೇರಬಹುದು. ತೆಳ್ಳಗೆ ಹಾಕಿ, ಕೈಹಾಕುವ ಮೊದಲು ಕಡ್ಡಿಯಿಂದ ಕೆದಕಿ. ಹೊಟ್ಟಿನ ರಾಶಿಗೆ ಇಲಿ, ಇಲಿಗೆ ಹಾವು ಬರುವುದರಿಂದ ರಾಶಿಯನ್ನು ಹಿತ್ತಲಲ್ಲಿ ಬಿಡಬೇಡಿ.

ಮೂರ್ಛೆ ಬಂದರೆ ಕೈಗೆ ಕಬ್ಬಿಣ ಕೊಡುವುದು, ಬಾಯಿಗೆ ಚಮಚ ತುರುಕುವುದು ಬೇಡ. ಪಕ್ಕಕ್ಕೆ ಮಲಗಿಸಿ, ತಲೆಯ ಕೆಳಗೆ ಟವೆಲ್ ಇಟ್ಟು ಗಡಿಯಾರ ನೋಡಿ. 5 ನಿಮಿಷ ಮೀರಿದರೆ 108ಕ್ಕೆ ಕರೆ ಮಾಡಿ. ಇಂಥವರ ತೋಟದಲ್ಲಿ ತೆರೆದ ತೊಟ್ಟಿ ಇರಬಾರದು. ಬೆನ್ನುಹುರಿಗೆ ಮೇಲ್ಭಾಗದಲ್ಲಿ ಪೆಟ್ಟಾದವರಿಗೆ ಇದ್ದಕ್ಕಿದ್ದಂತೆ ತೀವ್ರ ತಲೆನೋವು ಬಂದು ಮುಖ ಕೆಂಪಾದರೆ ರಕ್ತದೊತ್ತಡ ಅಪಾಯಕ್ಕೆ ಏರುತ್ತಿದೆ ಎಂದರ್ಥ: ನೇರವಾಗಿ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಮೂತ್ರದ ನಳಿಕೆ ಮಡಚಿದೆಯೇ ನೋಡಿ, ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಬಿಸಿಲಿಗೆ ಬಳಲಿದವರನ್ನು ನೆರಳಿಗೆ ತಂದು ಕುತ್ತಿಗೆ, ಕಂಕುಳಿಗೆ ಒದ್ದೆ ಬಟ್ಟೆ ಇಡಿ. ಮುಖ ವಾರೆಯಾಗಿ, ಕೈ ಬಿದ್ದು, ಮಾತು ತೊದಲಿದರೆ ಮನೆಮದ್ದಿಗೆ ಸಮಯ ಕಳೆಯದೆ ಹೊರಡಿ, ಮೊದಲ ನಾಲ್ಕೂವರೆ ಗಂಟೆಯೊಳಗೆ ಕೊಡಬಹುದಾದ ಚಿಕಿತ್ಸೆಯಿದೆ.

ಹಿತ್ತಲಿಲ್ಲದವರು ಮತ್ತು ಮರುಅಳತೆ

ಹಿತ್ತಲೇ ಇಲ್ಲದ ಮನೆಗಳಿಗಾಗಿ ಊರಿನ ಉದ್ಯಾನದಲ್ಲೋ ಆರೋಗ್ಯ ಕೇಂದ್ರದ ಅಂಗಳದಲ್ಲೋ ಒಂದು ಏರುಮಡಿ ಕೇಳುವುದು ದಾನ ಬೇಡಿದಂತಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಗಳಲ್ಲಿ ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೀರೋಸಿಸ್, ದೀರ್ಘಕಾಲದ ನರರೋಗಗಳು ಸೇರಿವೆ, ಸಾರ್ವಜನಿಕ ಜಾಗಗಳು ಇವರಿಗೂ ತಲುಪುವಂತಿರಬೇಕು ಎನ್ನುತ್ತದೆ ಆ ಕಾಯ್ದೆ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರ ಮೂಲಕ ಅರ್ಜಿ ಕೊಡಿ. ಸಸಿ, ಮಣ್ಣಿನ ವಿಷಯಕ್ಕೆ ತೋಟಗಾರಿಕೆ ಇಲಾಖೆಯ ನರ್ಸರಿ, ಮುನಿರಾಬಾದಿನ ತೋಟಗಾರಿಕೆ ಕಾಲೇಜು, ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ವಿಚಾರಿಸಬಹುದು.

ಆರು ತಿಂಗಳಿಗೊಮ್ಮೆ ಮೊದಲ ಹೆಜ್ಜೆಯ ಅಳತೆಗಳನ್ನು ಮತ್ತೆ ತೆಗೆಯಿರಿ. ಕಂಪವಾತದಂಥ ಕಾಯಿಲೆಯಲ್ಲಿ ನಿಂತು ಮಾಡುತ್ತಿದ್ದವರು ಕೂತು ಮಾಡಬೇಕಾಗಬಹುದು; ಲಕ್ವಾ ಆದವರಲ್ಲಿ ಕೂತವರು ನಿಲ್ಲಬಹುದು. ಹದಿನಾಲ್ಕನೇ ತಿಂಗಳಲ್ಲಿ ನಮ್ಮ ತಂದೆಯವರು ಕೋಲು ಹಿಡಿದು ನಿಲ್ಲತೊಡಗಿದಾಗ 31 ಇಂಚಿನ ಮಡಿಗೆ ಬಾಗಬೇಕಾಗಿ ಸೊಂಟ ನೋಯುತ್ತಿತ್ತು. ಪಕ್ಕದಲ್ಲೇ 36 ಇಂಚಿನ ಇನ್ನೊಂದು ಮಡಿ ಕಟ್ಟಿಸಿ, ಮುಂದೆ ಮರದ ಅಡ್ಡಕಂಬಿ ಹಾಕಿಸಿದೆವು. ಹಳೆಯ ಅಳತೆಯ ಕಟ್ಟಿಗೆಯ ಮೇಲೆಯೇ ಹೊಸ ಗೆರೆ ಹಾಕಿ ದಿನಾಂಕ ಬರೆದಿದ್ದೇವೆ. ಅದು ಹಿಂಬಾಗಿಲಿನ ಮೂಲೆಯಲ್ಲಿ, ಕುರ್ಪಿಯ ಪಕ್ಕ ನಿಂತಿದೆ.